ಕಾರಿನ ಎಣ್ಣೆಗೆ ಜ್ವರ ಬಂದದ್ದು

ಜ್ವರ ಬಂದವರ ಹಣೆಯನ್ನೇ ಏಕೆ ಮುಟ್ಟಿ ನೋಡುತ್ತಾರೆ, ಮೊಣಕೈಯನ್ನೋ ಕಿವಿಯ ಹಾಲೆಯನ್ನೋ ಏಕೆ ಮುಟ್ಟುವುದಿಲ್ಲ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಜೋಗೇಶ್ವರಿಯ ಚಾಳಿನಲ್ಲಿ ನೆಲೆಸಿದ್ದ ನನಗೆ, ಯೋಚಿಸದೆಯೇ ಅಭಿಪ್ರಾಯ ಕೊಡುವ ಅಪೂರ್ವ ಸಿದ್ಧಿಯೊಂದು ಆ ಕಾಲಕ್ಕೆ ಪ್ರಾಪ್ತವಾಗಿತ್ತು.

ಚಾಳಿನ ಕೆಳಗೆ ಹೋಟೆಲು ನಡೆಸುತ್ತಿದ್ದ ಉಡುಪಿಯ ಶೆಟ್ಟರು, ಯಾರೋ ಸಾಹೇಬ ಬಿಟ್ಟುಹೋದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ರೂಪದಲ್ಲಿ ರಾಜಕುಮಾರ, ಎಂಜಿನ್ನು ಮಾತ್ರ ನಿರ್ಜೀವ. ಪಾಂಡು ಮಿಸ್ತ್ರಿ ಅದನ್ನು ಕಿತ್ತು, ಗುಜರಿಯಿಂದ ತಂದ ಟ್ಯಾಕ್ಸಿಯ ಎಂಜಿನ್ನನ್ನು ಕೂರಿಸಿದ. ಎಲ್ಲವೂ ಹೊಂದಿಕೊಂಡಿತು, ಎಂಜಿನ್ನಿನ ಎಣ್ಣೆ ಎಷ್ಟು ಕಾದಿದೆಯೆಂದು ತೋರಿಸುವ ಮೀಟರೊಂದೇ ಅನಾಥವಾಯಿತು. ಅದರ ಮುಳ್ಳು ಚಾಲಕನ ಎದುರಿಗಿದ್ದರೆ, ಬಿಸಿಯನ್ನು ತಿಳಿಯುವ ಬೆರಳುದ್ದದ ಹಿತ್ತಾಳೆಯ ಕಡ್ಡಿ ಸಣ್ಣ ಕೊಳವೆಯ ತುದಿಯಲ್ಲಿ ಜೋತಾಡುತ್ತಿತ್ತು. ಅದನ್ನು ತೂರಿಸಲು ಹಳೆಯ ಎಂಜಿನ್ನಿನಲ್ಲಿದ್ದ ತೂತು ಹೊಸದರಲ್ಲಿ ಇರಲಿಲ್ಲ. ತಳದ ಎಣ್ಣೆತೊಟ್ಟಿಯನ್ನು ಬಿಚ್ಚಿ ತೂತು ಕೊರೆಯಲು ಮಿಸ್ತ್ರಿ ಎರಡು ದಿನ ಕೇಳಿದ.

ನನ್ನಲ್ಲಿ ಎರಡು ದಿನ ಎಲ್ಲಿತ್ತು? ಮರುದಿನ ಭಾನುವಾರ, ಸಂಜೆ ನಾಲ್ಕಕ್ಕೆ ಭಾಂಡುಪಿನಲ್ಲಿ ಹೆಣ್ಣು ನೋಡುವ ಶಾಸ್ತ್ರ. ಊರಿನಿಂದ ಯಾರೂ ಬರಲಾಗದ್ದರಿಂದ ಹಿರಿಯರ ಸ್ಥಾನದಲ್ಲಿ ಶೆಟ್ಟರೇ. ಎರಡು ಮನೆಯವರು ಅದಾಗಲೇ ನನ್ನನ್ನು ಬೇಡವೆಂದಿದ್ದರು. ಮೂರನೆಯವರ ಮುಂದಾದರೂ ಲೋಕಲ್ ರೈಲಿನಲ್ಲಿ ಬೆವೆತು ಮುದ್ದೆಯಾಗದೆ, ಕಾರಿನಿಂದ ಗಂಭೀರವಾಗಿ ಇಳಿಯಬೇಕೆಂಬುದು ನನ್ನ ಏಕೈಕ ಮಹತ್ವಾಕಾಂಕ್ಷೆಯಾಗಿತ್ತು.

"ನೀವು ಓದಿದವರು ಮಾರಾಯ್ರೆ, ಇದನ್ನು ಎಲ್ಲಿ ಇಡುವುದಂತ ನೀವೇ ಹೇಳಿ," ಎಂದರು ಶೆಟ್ಟರು.

ನಾನು ಓದಿದ್ದು ಇತಿಹಾಸ. ಆದರೂ ಹೊಗೆಕೊಳವೆಗೆ ತಗುಲಿದಂತಿದ್ದ ಸಂದೊಂದನ್ನು ತೋರಿಸಿ, ಬಿಸಿಯಳೆಯುವ ವಸ್ತು ಬಿಸಿಯಿರುವಲ್ಲೇ ಇರತಕ್ಕದ್ದೆಂದು ತೀರ್ಪಿತ್ತೆ. "ಸಾಬ್, ತೇಲ್ ತೋ ನೀಚೆ ಹೈ," ಎಣ್ಣೆಯಿರುವುದು ಕೆಳಗಲ್ಲವೇ, ಎಂದು ಮಿಸ್ತ್ರಿ ಗೊಣಗಿದ. ಆದರೆ ಬಿ.ಎ.ಯ ಎದುರು ಸ್ಪ್ಯಾನರಿನ ವಾದ ನಡೆಯಲಿಲ್ಲ.

ಜೋಗೇಶ್ವರಿ ದಾಟುವ ಮೊದಲೇ ಮುಳ್ಳು ಕೆಂಪು ಗೆರೆಗೇರಿತು. ಎಣ್ಣೆ ಹೊಗೆಯಾಡುವ ಮೊದಲೇ ಬಾಣಲೆಯನ್ನು ಒಲೆಯಿಂದ ಇಳಿಸಬೇಕೆಂಬುದು ಶೆಟ್ಟರ ಹೋಟೆಲುಧರ್ಮ, ಕಾರು ನಿಂತಿತು. ಆರಿದ ಮೇಲೆ ಹೊರಟಿತು, ಮತ್ತೆ ಮುಳ್ಳು ಏರಿತು, ಮತ್ತೆ ನಿಂತಿತು. ಪವಾಯಿ ಕೆರೆಯ ಹತ್ತಿರ ನಾಲ್ಕನೆಯ ಸಲ ನಿಂತಾಗ ಶೆಟ್ಟರು ಎಣ್ಣೆತೊಟ್ಟಿಯನ್ನು ಮುಟ್ಟಿ, "ಇಲ್ಲಿ ಬರೀ ಉಗುರುಬೆಚ್ಚಗೆ ಉಂಟು ಮಾರಾಯ್ರೆ," ಎಂದರು. ಅದನ್ನೇ ಗುಪ್ತೋಷ್ಣವೆನ್ನುತ್ತಾರೆಂದು ನಾನು ವಿವರಿಸಿದೆ. ಎತ್ತಿನ ಗಾಡಿಯೊಂದು ನಮ್ಮನ್ನು ಎರಡು ಸಲ ಹಿಂದೆ ಹಾಕಿತು. ಎರಡನೆಯ ಸಲ ಗಾಡಿಯವನು ಪರಿಚಯದ ನಗೆ ನಕ್ಕ.

ನಾಲ್ಕರ ಶಾಸ್ತ್ರಕ್ಕೆ ಆರೂವರೆಗೆ ತಲುಪಿದೆವು. ವಿಜಾಪುರದ ಕಡೆಯವರಾದ ಹುಡುಗಿಯ ತಂದೆ, ಶಾಲಾ ಮಾಸ್ತರು, ಗಡಿಯಾರದ ಕೆಳಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೂರನೆಯ ಮನೆಯೂ ತಪ್ಪಿತೆಂದುಕೊಂಡೆ. ತಡವಾದುದರ ಕಥೆಯನ್ನು ಆದ್ಯಂತ ಒಪ್ಪಿಸಿದೆ. ಕಡ್ಡಿಯಿಟ್ಟ ಜಾಗವನ್ನಂತೂ ಸ್ವಲ್ಪ ಹೆಮ್ಮೆಯಿಂದಲೇ ವರ್ಣಿಸಿದೆ.

ತಿಂಡಿಯ ತಟ್ಟೆಗಳನ್ನು ಕೊಟ್ಟು ಬಾಗಿಲ ಬಳಿ ನಿಂತಿದ್ದ ಹುಡುಗಿ ತಲೆಯೆತ್ತಿದಳು. "ಎಣ್ಣಿ ಕಾದದ್ದು ನೋಡಬೇಕಂದ್ರ ಎಣ್ಣ್ಯಾಗ ಚೂರು ಹಿಟ್ಟು ಬಿಡ್ತೀವ್ರಿ. ನೀವು ಒಲ್ಯಾಗ ಬಿಟ್ಟು ನೋಡೀರಿ."

ಶೆಟ್ಟರು ನನ್ನನ್ನು ನೋಡಿದರು. ನಾನು ಮಾತಾಡದೆ ತಲೆಯಾಡಿಸಿದೆ.

ಮುಳ್ಳಿನ ಕಡೆ ಕಣ್ಣೆತ್ತಿಯೂ ನೋಡದೆ, ಎಲ್ಲಿಯೂ ನಿಲ್ಲದೆ ಮನೆಗೆ ಮರಳಿದೆವು. ಕಾರಿಗೆ ಏನೂ ಆಗಲಿಲ್ಲ. ಮಿಸ್ತ್ರಿ ತನ್ನ ಎರಡು ದಿನ ತೆಗೆದುಕೊಂಡು ಕಡ್ಡಿಯನ್ನು ಎಣ್ಣೆಯಲ್ಲೇ ಮುಳುಗಿಸಿದ. ಅದೇ ವಾರ ಮಾಸ್ತರ ಪತ್ರ ಬಂತು: ಹುಡುಗಿ ಒಪ್ಪಿದ್ದಾಳೆ.

ಮದುವೆಯಾದ ಮೇಲೆ ಒಮ್ಮೆ ಕಾರಣ ಕೇಳಿದೆ. "ನಾಕು ಮಂದಿ ಮುಂದ ತಪ್ಪು ತೋರಿಸಿದ್ರೂ ನೀವು ಸಿಟ್ಟಿಗೇಳಲಿಲ್ಲ. ನನಗ ಅಷ್ಟ ಸಾಕಾತು," ಎಂದಳು. ಮನುಷ್ಯನನ್ನು ಎಲ್ಲಿ ಮುಟ್ಟಿ ನೋಡಬೇಕೆಂದು ಇವಳಿಗೆ ಗೊತ್ತಿದೆಯಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಆದರೆ ನಿಮ್ಮಲ್ಲಿ ಮುಚ್ಚುಮರೆಯೇಕೆ? ಆ ಕ್ಷಣದಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು; ಎರಡೂವರೆ ಗಂಟೆ ಕಾದು ಗಟ್ಟಿಯಾಗಿದ್ದ ಶಿರಾ ಬಾಯಿ ತುಂಬ ಇದ್ದುದರಿಂದ ಮಾತು ಹೊರಡಲಿಲ್ಲ, ಅಷ್ಟೆ.