ದಾರಿ ಎಲ್ಲಿಗೆ ಬೇಕೆಂದು ನಾನು ಕೇಳಿರಲಿಲ್ಲ

1978ನೇ ಇಸವಿ. ನಾನು ಬಿಜಾಪುರದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಗಾಂಧಿ ಚೌಕದ ಹತ್ತಿರ ಅಪ್ಪನದು ಹೊಲಿಗೆ ಅಂಗಡಿ. ಕಾಲೇಜಿನಿಂದ ತಿಕೋಟಾ ಊರಿನಲ್ಲಿ ಹತ್ತು ದಿನ ‘ಸೇವೆಯ ಮೂಲಕ ನಾಯಕತ್ವ’ ಎಂಬ ತರಬೇತಿ ಎಂದಾಗ ಅಪ್ಪ ಎರಡು ದಿನ ಬೇಡವೆಂದೇ ಅಂದರು. ಮೂರನೇ ದಿನ ತಾವೇ ನನ್ನ ಟ್ರಂಕನ್ನು ಹೊತ್ತು ಬಸ್ಸಿಗೆ ಹಾಕಿದರು.

ಬೆಳಿಗ್ಗೆ ಪಾಠ, ಆಮೇಲೆ ರಸ್ತೆ ಕೆಲಸ. ಚರ್ಚಾಸ್ಪರ್ಧೆಗಳಲ್ಲಿ ಚೆನ್ನಾಗಿ ಮಾತಾಡುತ್ತೇನೆಂದು ನಮ್ಮ ಅಧ್ಯಾಪಕ ಪಾಟೀಲ ಸರ್ ಇಪ್ಪತ್ತು ಜನರ ಗುಂಪಿಗೆ ನನ್ನನ್ನೇ ನಾಯಕಿ ಮಾಡಿದರು. ಮೊದಲ ಪಾಠದಲ್ಲಿ ಅವರು ಹೇಳಿದ್ದು: “ನಾಯಕ ಆದಾವ ಮೊದಲ ಕೇಳಬೇಕು, ಆಮ್ಯಾಲ ಹೇಳಬೇಕು.” ಅದನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೆ. ಅದೇ ಮಧ್ಯಾಹ್ನ ಯಾರನ್ನೂ ಕೇಳದೆ, ದೊಡ್ಡ ರಸ್ತೆಯಿಂದ ಊರಿನ ಶಾಲೆಯ ಬಾಗಿಲಿನವರೆಗೆ ದಾರಿ ಮಾಡುವುದೆಂದು ತೀರ್ಮಾನಿಸಿದೆ. ಅಲ್ಲಿ ಹೇಗೂ ಒಂದು ದಾರಿ ಇತ್ತು. ಆದರೆ ಸಮಾರೋಪಕ್ಕೆ ದೊಡ್ಡ ಅಧಿಕಾರಿಗಳು ಬರುವುದು ಅಲ್ಲಿಗೇ. ಮುರುಮಿನ ಗರಸು ಹಾಕಿ, ಅಂಚಿಗೆ ಸುಣ್ಣ ಬಳಿದ ಕಲ್ಲು ಜೋಡಿಸಿದರೆ ಚಂದ ಕಾಣುತ್ತದೆ ಎಂಬುದು ನನ್ನ ಲೆಕ್ಕ.

ಹಳ್ಳದ ಆಚೆ ಒಂದು ಓಣಿಯಿತ್ತು. ಅಲ್ಲಿಯ ಗಂಗವ್ವ ಎಂಬ ಅಜ್ಜಿ ನೀರಿಗೆ ಹೋಗುವಾಗ ನಿಂತು ಕೇಳಿದಳು: “ಯವ್ವಾ, ನಮ್ಮ ಕಡೆ ಹಳ್ಳಕ್ಕ ಒಂದಿಷ್ಟು ಕಲ್ಲು ಮಣ್ಣ ಹಾಕ್ರಿ. ಚಕ್ಕಡಿ ದಾಟಂಗಿಲ್ಲ ನೋಡ್ರಿ.”

“ನಮ್ಮ ಪ್ಲ್ಯಾನಿನಾಗ ಅದು ಇಲ್ರೀ ಅಜ್ಜಿ,” ಎಂದೆ. ಮರುದಿನ ಮತ್ತೆ ಕೇಳಿದಾಗ, “ಮುಂದಿನ ವರ್ಷ ನೋಡೋಣ್ರಿ,” ಎಂದೆ.

ಆರನೇ ದಿನ ಮಧ್ಯಾಹ್ನ ಅದೇ ಅಜ್ಜಿ ಓಡಿ ಬಂದಳು. ಬಬಲೇಶ್ವರಕ್ಕೆ ಕೊಟ್ಟಿದ್ದ ಮಗಳು ಸೋನವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಸುಕಿನಿಂದ ನೋವು ತಿನ್ನುತ್ತಿದ್ದಳು. ಸೂಲಗಿತ್ತಿ ಕೈಚೆಲ್ಲಿ, ದವಾಖಾನೆಗೆ ಒಯ್ಯಿರಿ ಎಂದಿದ್ದಳು. ಕರೆಸಿದ ಎತ್ತಿನ ಚಕ್ಕಡಿ ಹಳ್ಳ ದಾಟಲಾರದೆ ಈಚೆಗೇ ನಿಂತಿತ್ತು.

ನಾವು ಓಡಿದೆವು. ಸೋನವ್ವನನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ ಆರು ಜನ ಎತ್ತಿಕೊಂಡೆವು. ಹಳ್ಳದ ನಡುವೆ ಕಲ್ಲು ಜಾರಿ ನನ್ನ ಮೊಣಕಾಲು ಕುಸಿಯಿತು, ಹೊರಸು ವಾಲಿತು. “ಬಿಡಬ್ಯಾಡ್ರಿ ಅಕ್ಕಾ, ಬಿಡಬ್ಯಾಡ್ರಿ,” ಎಂದು ಆಕೆ ನನ್ನ ಕೈ ಹಿಡಿದಳು. ಹೇಗೆ ಎದ್ದೆನೋ ತಿಳಿಯದು. ಚಕ್ಕಡಿಯಲ್ಲಿ ರಸ್ತೆಗೆ ಒಯ್ದು, ಬರುತ್ತಿದ್ದ ಬಸ್ಸನ್ನು ಅಡ್ಡಗಟ್ಟಿ ಹತ್ತಿಸಿದೆವು. ಪಾಟೀಲ ಸರ್ ತಾಯಿ-ಮಗಳ ಜೊತೆಗೇ ಬಿಜಾಪುರಕ್ಕೆ ಹೋದರು.

ಸಂಜೆ ಮರಳಿ ಬಂದ ಸರ್, “ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ,” ಎಂದರು. ನಾನು ಅತ್ತುಬಿಟ್ಟೆ. ಅಜ್ಜಿ ಎರಡು ಸಲ ಕೇಳಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. “ಇನ್ನ ನಾಕ ದಿನ ಅದಾವಲ್ಲ ಶಮಶಾದ್,” ಎಂದಷ್ಟೇ ಅಂದರು.

ಮರುದಿನ ಪಾಠಕ್ಕೆ ಮುಂಚೆ ಎಲ್ಲರೆದುರು ನಿಂತು ತಪ್ಪು ನನ್ನದೆಂದು ಒಪ್ಪಿಕೊಂಡೆ. ಇನ್ನು ಕೆಲಸ ಹಳ್ಳದಲ್ಲಿ ಎಂದೆ. ಕಲ್ಲು ಸಾಗಿಸಲು ನಮಗೆ ಚಕ್ಕಡಿ ಕೊಟ್ಟಿದ್ದ ಊರಿನ ಹಿರಿಯರೊಬ್ಬರು ಸುದ್ದಿ ಕೇಳಿ ಸಿಟ್ಟಿಗೆದ್ದರು. “ಸಾಹೇಬ್ರು ಬರೂದು ಸಾಲಿಗೆ. ಆ ಓಣಿಗೆ ಯಾರ್ ಹೋಗ್ತಾರ?”

“ಅಲ್ಲಿರಾವ್ರು ದಿನಾ ಹೋಗ್ತಾರಲ್ರಿ,” ಎಂದೆ. ಮಾತು ಬದಲಿಸಲಿಲ್ಲ. ಅವರು ಚಕ್ಕಡಿ ವಾಪಸು ಹೊಡೆಸಿಕೊಂಡು ಹೋದರು.

ಬುಟ್ಟಿಯಲ್ಲಿ ಕಲ್ಲು ಹೊತ್ತೆವು. ಈ ಸಲ ಮೊದಲು ಓಣಿಯವರನ್ನು ಕೇಳಿದೆ. ಪೂರ್ತಿ ಮಣ್ಣು ತುಂಬಿದರೆ ಮಳೆಗಾಲಕ್ಕೆ ಕೊಚ್ಚಿ ಹೋಗುತ್ತದೆ, ಕೆಳಗೆ ನೀರಿಗೆ ಹಾದಿ ಬಿಟ್ಟು ಹಾಸುಗಲ್ಲು ಇಡಿ ಎಂದು ಮುದುಕರೊಬ್ಬರು ತೋರಿಸಿಕೊಟ್ಟರು. ಕೂಲಿಯಿಂದ ಬಂದ ಹೆಂಗಸರು ಕೈಕಾಲು ತೊಳೆಯದೆ ನಮ್ಮ ಜೊತೆ ನಿಂತರು. ಅಂಗೈಯ ಗುಳ್ಳೆಗಳು ಒಡೆದವು. ಬಟ್ಟೆ ಸುತ್ತಿಕೊಂಡು ಮತ್ತೆ ಸಲಿಕೆ ಹಿಡಿದೆ.

ಹತ್ತನೇ ದಿನ ಅಧಿಕಾರಿಗಳು ಬಂದಾಗ ಇನ್ನೂ ಎರಡು ಮಾರು ಕೆಲಸ ಉಳಿದಿತ್ತು. ವೇದಿಕೆಯಲ್ಲಿ ನಾಯಕಿಯ ಭಾಷಣ ನನ್ನದೇ ಇತ್ತು. ನಾಲ್ಕು ದಿನ ಕೂತು ಬರೆದಿದ್ದ ಭಾಷಣವದು. ಅದನ್ನು ಓದಲು ಗೆಳತಿಯ ಕೈಗೆ ಕೊಟ್ಟು ಕಳಿಸಿದೆ. ಶಾಲೆಯಲ್ಲಿ ಚಪ್ಪಾಳೆ ಕೇಳುತ್ತಿದ್ದಾಗ ನಾವು ಏಳು ಜನ ಕೊನೆಯ ಹಾಸುಗಲ್ಲು ಕೂಡಿಸುತ್ತಿದ್ದೆವು. ಆ ಸಂಜೆ ಮೊದಲ ಚಕ್ಕಡಿ ಹಳ್ಳ ದಾಟಿತು. ನೋಡಲು ಅಧಿಕಾರಿಗಳು ಯಾರೂ ಬರಲಿಲ್ಲ. ನನಗೆ ಅದರ ನೆನಪೂ ಆಗಲಿಲ್ಲ.

ಮುಂದೆ ನಾನು ಶಿಕ್ಷಕಿಯಾದೆ, ಮುಖ್ಯೋಪಾಧ್ಯಾಯಿನಿಯೂ ಆದೆ. ಆ ತರಬೇತಿಯ ಬಗ್ಗೆ ಯಾರಾದರೂ ಕೇಳಿದರೆ ಹೊತ್ತ ಹೊರಸಿನ ಕಥೆ, ಹಾಕಿದ ದಾರಿಯ ಕಥೆ ಹೇಳುತ್ತೇನೆ. ಕೇಳಿದವರು ಮೆಚ್ಚುತ್ತಾರೆ. ಆದರೆ ನನ್ನನ್ನು ಇಂದಿಗೂ ಚುಚ್ಚುವುದು ಬೇರೆ. ನಾನು ಸುಣ್ಣದ ಕಲ್ಲು ಜೋಡಿಸುತ್ತ ನಿಂತ ಜಾಗದಿಂದ ಗಂಗವ್ವನ ಹಳ್ಳ ನೂರು ಹೆಜ್ಜೆಯೂ ಇರಲಿಲ್ಲ. ಆ ಐದು ದಿನಗಳಲ್ಲಿ ಒಮ್ಮೆಯಾದರೂ ಅವಳ ಜೊತೆ ಹೋಗಿ ನೋಡಿ ಬರಬಹುದಿತ್ತು.