ಎರಡು ಸಲ ಕೇಳುತ್ತಿದ್ದ ಕಾಕಾ

ಅವರ ಬಲಗೈಯ ಕಿರುಬೆರಳು ವಿಡಿಯೋ ಕ್ಯಾಸೆಟ್ಟಿನ ಚಕ್ರದ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಆ ಬೆರಳನ್ನು ಅಲ್ಲಿ ಸಿಕ್ಕಿಸಿ, ಮೂಗಿನ ಮೇಲೆ ಒಂದರ ಮುಂದೊಂದು ಎರಡು ಕನ್ನಡಕ ಏರಿಸಿ, ಟೇಪನ್ನು ಗೇಣು ಗೇಣಾಗಿ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಬಿಳಿ ಬೂಸು ಕಂಡಲ್ಲಿ ಹತ್ತಿಯಿಂದ ಒರೆಸಬೇಕು, ಆರಲು ಬಿಡಬೇಕು, ಮತ್ತೆ ಬೆರಳು ತಿರುಗಿಸಬೇಕು. ಬೂಸು ಜಾಸ್ತಿ ಹಿಡಿದ ಕ್ಯಾಸೆಟ್ಟಾದರೆ ಪೂರ್ತಿ ಒಂದು ದಿನ ಅದಕ್ಕೇ ಹೋಯಿತು. ಎದುರಿಗೆ ಕೂತು ನೋಡುವವರಿಗೆ ಮೈಯೆಲ್ಲ ಉರಿಯುತ್ತಿತ್ತು. ನೋಡುವವಳು ಹೆಚ್ಚಾಗಿ ನಾನೇ.

ಕಾಕಾ ಹುಬ್ಬಳ್ಳಿ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು, ವಡೋದರಾದಲ್ಲೇ ನಿವೃತ್ತರಾಗಿ, ಪ್ರತಾಪನಗರದ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯೊಡನೆ ಇದ್ದರು. ಹುಬ್ಬಳ್ಳಿಯಲ್ಲೂ ಕಾಕಾ ಅಂದರೆ ಚಿಕ್ಕಪ್ಪ, ಗುಜರಾತಿಯಲ್ಲೂ ಚಿಕ್ಕಪ್ಪನೇ. ಹಾಗಾಗಿ ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಮುಂದಿನ ಕೋಣೆಯ ತುಂಬ ವಿಸಿಆರ್‌ಗಳು, ಒಂದು ಕಂಪ್ಯೂಟರು, ಬಾಗಿಲು ಮುಚ್ಚಿದ ಯಾವುದೋ ಸ್ಟುಡಿಯೋದಿಂದ ತಂದ ಒಂದು ದೊಡ್ಡ ಮೆಷೀನು. ಮದುವೆ, ಮುಂಜಿ, ನಾಮಕರಣದ ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಿಕೊಡುವುದು ಅವರ ಕೆಲಸ. ಎರಡು ಸಾವಿರದ ಮೂರು ನಾಲ್ಕನೇ ಇಸವಿಯ ಹೊತ್ತಿಗೆ ಮನೆಮನೆಯ ವಿಸಿಆರ್‌ಗಳು ಕೆಟ್ಟು ಕೂತಿದ್ದವು, ರಿಪೇರಿಯವರು ಸಿಗುತ್ತಿರಲಿಲ್ಲ. ಎಲ್ಲರಿಗೂ ಸಿಡಿ ಬೇಕಾಗಿತ್ತು.

ನಾನು ಕುಂದಾಪುರದ ಕಡೆಯವಳು. ಅಹ್ಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ಎದುರು, ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದೆ. ಅದನ್ನು ಶುರು ಮಾಡಿದ್ದು ನನ್ನ ಗಂಡ ಮತ್ತು ನಾನು. ಶುರುವಾದ ಎಂಟನೇ ತಿಂಗಳಿಗೆ ಅವರು ಎದೆನೋವಿನಿಂದ ಹೋದರು. ಮಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಹೋಟೆಲು ಉದ್ಘಾಟನೆಯ ದಿನ ತೆಗೆಸಿದ ಒಂದು ವಿಡಿಯೋ ಬಿಟ್ಟರೆ ಅವರು ನಡೆದಾಡುವುದು ಕಾಣುವ ಜಾಗ ಇನ್ನೊಂದಿರಲಿಲ್ಲ.

ಆ ವಿಡಿಯೋದಲ್ಲಿ ಅವರು ದೀಪ ಹಚ್ಚುತ್ತಾರೆ, ಬಡಿಸುತ್ತಾರೆ, ತುಟಿ ಅಲ್ಲಾಡಿಸುತ್ತಾರೆ. ಮಾತು ಮಾತ್ರ ಇಲ್ಲ. ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು. ಅದು ನನ್ನದೇ ಘನಂದಾರಿ ಕೆಲಸ. ವಿಡಿಯೋದವನನ್ನು ಗೊತ್ತುಮಾಡುವಾಗ ಚೌಕಾಶಿ ಮಾಡಿ ಮಾಡಿ ಅವನ ಜೀವ ಹಿಂಡಿದ್ದೆ. ಕೊನೆಗೆ, "ಹಾಡಿಲ್ಲದೆ ಯಾರು ನೋಡುತ್ತಾರೆ, ಹಾಡು ಫ್ರೀಯಾಗಿ ಹಾಕಿಕೊಡು" ಅಂದೆ. ಅವನು ಕೈಮುಗಿದು, "ಆಯ್ತು ಬೆಹನ್, ಆದರೆ ಬೇರೆ ಟೇಪಿಗೆ ಇಳಿಸಿ ಎಡಿಟಿಂಗ್ ಎಲ್ಲ ಮಾಡುವುದಿಲ್ಲ, ಇದೇ ಟೇಪಿನ ಮೇಲೆ ಹಾಡು ಕೂರಿಸಿ ಕೊಡುತ್ತೇನೆ" ಅಂದ. ಗೆದ್ದೆ ಅಂದುಕೊಂಡೆ. ನೀವು ಯಾರನ್ನಾದರೂ ಕೆಲಸಕ್ಕೆ ಗೊತ್ತುಮಾಡುವುದಾದರೆ ಇದನ್ನು ನೆನಪಿಡಿ: ಪುಕ್ಕಟೆ ಏನು ಕೇಳುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ.

ಮಗಳು ಹನ್ನೊಂದು ವರ್ಷದವಳಾದಾಗ ಒಂದು ದಿನ ಗುಜರಾತಿಯಲ್ಲಿ ಕೇಳಿದಳು, ಪಪ್ಪ ಹೇಗೆ ಮಾತಾಡುತ್ತಿದ್ದರು ಅಂತ. ಕನ್ನಡ ಅವಳಿಗೆ ಅಷ್ಟಕ್ಕಷ್ಟೇ. ಎಲ್ಲರ ಹಾಗೇ ಅಂದೆ. "ಎಲ್ಲರ ಹಾಗೆ ಅಂದರೆ ಹೇಗೆ?" ಅಂದಳು. ಆ ಕ್ಯಾಸೆಟ್ಟು ಹಿಡಿದು ಅಹ್ಮದಾಬಾದಿನ ಎರಡು ಅಂಗಡಿ, ಸೂರತ್ತಿನ ಒಂದು ಅಂಗಡಿ ಹತ್ತಿದೆ. ಎಲ್ಲರದೂ ಒಂದೇ ಮಾತು. ಹಾಡು ಕೂತ ಮೇಲೆ ಮಾತು ಅಳಿಸಿಹೋಯಿತು, ಮರೆತುಬಿಡಿ. ಚಿತ್ರವಾದರೂ ಉಳಿಯಲಿ, ಸಿಡಿಗಾದರೂ ಇಳಿಸೋಣ ಅನ್ನುವಾಗ, ಕನ್ನಡದವರ ಯುಗಾದಿ ಊಟಕ್ಕೆ ಅಡುಗೆ ಮಾಡಿಕೊಡಲು ವಡೋದರಾಕ್ಕೆ ಹೋದಲ್ಲಿ ಕಾಕಾ ಪರಿಚಯವಾದರು.

ನನ್ನ ಬುದ್ಧಿ ನಿಮಗೆ ಗೊತ್ತಾಗಿರಬೇಕು. ಒಂದೇ ಕ್ಯಾಸೆಟ್ಟು ಕೊಟ್ಟರೆ ದರ ಯಾಕೆ ಇಳಿಸುತ್ತಾರೆ? ಸೂರತ್ತಿನ ಉಡುಪಿ ಹೋಟೆಲಿನವರು, ಅಹ್ಮದಾಬಾದಿನ ಬ್ಯಾಂಕಿನವರು, ಗುರುತಿನ ಎಲ್ಲರ ಮನೆಯಿಂದ ಕ್ಯಾಸೆಟ್ಟು ಕೂಡಿಸಿದೆ. ಎರಡು ದೊಡ್ಡ ಚೀಲ ತುಂಬಿ ರೈಲಿನಲ್ಲಿ ತಂದು ಕಾಕಾ ಮುಂದೆ ಇಟ್ಟು, "ಇಷ್ಟು ಒಟ್ಟಿಗೆ ತಂದಿದ್ದೇನೆ ಕಾಕಾ, ಈಗ ಹೇಳಿ ನಿಮ್ಮ ರೇಟು" ಅಂದೆ.

"ಅಷ್ಟs ರೇಟು. ಒಂದು ತಂದ್ರೂ ಅಷ್ಟs, ನೂರು ತಂದ್ರೂ ಅಷ್ಟs. ಒಂದೊಂದು ಕ್ಯಾಸೆಟ್ಟಿಗೂ ಅಷ್ಟs ತಾಸು ಹಿಡಿತೈತಿ ನೋಡವಾ. ಚಾ ಕುಡೀತೀ?"

ಒಳಗಿನಿಂದ ಕಾಕು, "ಆ ಮನಿಷ್ಯಾ ಮದವಿ ಸೀರಿಗೂ ಚೌಕಾಶಿ ಮಾಡಾಕ ಬಿಟ್ಟಿಲ್ಲ ತಂಗಿ, ನಿನ್ನ ಗಂಟಲಾ ನೋಯಿಸ್ಕೋಬ್ಯಾಡ" ಅಂದರು.

ದರ ಹೋಗಲಿ, ಕೆಲಸವಾದರೂ ಆಗಬೇಕಲ್ಲ. ಮೂರು ಗಂಟೆಯ ಕ್ಯಾಸೆಟ್ಟನ್ನು ಅವರು ಮೂರು ಗಂಟೆ ಕೂತು ನೋಡುತ್ತಿದ್ದರು. ಓಡಿಸುವಂತಿಲ್ಲ, ಹಚ್ಚಿಟ್ಟು ಎದ್ದು ಹೋಗುವಂತಿಲ್ಲ. ಮುಗಿದ ಮೇಲೆ ಅದೇ ಕ್ಯಾಸೆಟ್ಟನ್ನು ಆ ದೊಡ್ಡ ಮೆಷೀನಿಗೆ ಹಾಕಿ, ಕಿವಿಗೆ ಹೆಡ್‌ಫೋನು ಏರಿಸಿ, ಮತ್ತೆ ಮೊದಲಿನಿಂದ. ಯಾಕೆ ಅಂತ ಕೇಳಿದರೆ, "ಮೊದಲನೇ ಸಲ ನೋಡಾಕ, ಎರಡನೇ ಸಲ ಕೇಳಾಕ" ಅನ್ನುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ರೊಟ್ಟಿ ಊಟ, ಆಮೇಲೆ ಒಂದು ನಿದ್ದೆ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ನಿದ್ದೆ ನಿದ್ದೆಯೇ.

ನಾನು ಹೇಳದೆ ಬಿಟ್ಟ ಬುದ್ಧಿಮಾತಿಲ್ಲ. ನಾಲ್ಕು ವಿಸಿಆರ್ ಇವೆ, ನಾಲ್ಕರಲ್ಲೂ ಒಟ್ಟಿಗೆ ಹಚ್ಚಿ. ಹೊರಗೆ ಒಂದು ಬೋರ್ಡು ಹಾಕಿ. ಅರ್ಜೆಂಟಿಗೆ ಬೇರೆ ದರ ಇಡಿ.

"ನಾಕು ಟಿವಿ ಮುಂದ ಕುಂತು ನಾಕೂ ನೋಡಾಕ ನನಗೇನ್ ನಾಕು ಮಾರಿ ಅದಾವೇನು?"

"ನೋಡುವುದು ಯಾಕೆ ಮಾರಾಯ್ರೆ? ಯಾರದೋ ಮನೆಯ ಮದುವೆ, ನಿಮಗೆಂತ ಆಗಬೇಕು?"

"ಅವರ ಮನಿಯವರು ಸೈತ ಇನ್ನೊಮ್ಮೆ ಪೂರ್ತಿ ನೋಡಂಗಿಲ್ಲ ತಂಗಿ. ಯಾರರೆ ಒಬ್ಬರು ನೋಡಬೇಕಲ್ಲ."

ಐದು ತಿಂಗಳಾಯಿತು. ಅರ್ಧ ಚೀಲ ಮುಗಿದಿರಲಿಲ್ಲ. ಕ್ಯಾಸೆಟ್ಟು ಕೊಟ್ಟವರೆಲ್ಲ ನನಗೆ ಫೋನು ಮಾಡುವವರೇ. ಸೂರತ್ತಿನ ಹೋಟೆಲಿನವರೊಬ್ಬರು, "ನಮ್ಮ ಮಗನ ಮದುವೆಯ ಸಿಡಿ ಬರುವಷ್ಟರಲ್ಲಿ ಅವನಿಗೇ ಮಕ್ಕಳಾದಾವು ಅಕ್ಕ" ಅಂದರು. ಮಾತು ಉಳಿಸಿಕೊಂಡೇ ವ್ಯಾಪಾರ ಕಟ್ಟಿದವಳು ನಾನು, ನನಗೆ ಈ ಕುಚೋದ್ಯ ತಡೆದುಕೊಳ್ಳಲಾಗಲಿಲ್ಲ. ಅಹ್ಮದಾಬಾದಿನಲ್ಲಿ ಒಂದು ಹೊಸ ಅಂಗಡಿಯವರು ಎಷ್ಟು ಕ್ಯಾಸೆಟ್ಟು ಕೊಟ್ಟರೂ ಮೂರು ದಿನದಲ್ಲಿ ಮಾಡಿಕೊಡುತ್ತೇವೆ ಅಂದಿದ್ದರು. ಹಿಟ್ಟು ರುಬ್ಬುವ ಕೆಲಸ ಅಡುಗೆಯವನಿಗೆ ಒಪ್ಪಿಸಿ, ಬೆಳಗಿನ ರೈಲು ಹತ್ತಿ ವಡೋದರಾಕ್ಕೆ ಹೋದೆ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ.

"ಎಲ್ಲ ಕೊಡಿ ಕಾಕಾ. ಆದದ್ದೂ ಕೊಡಿ, ಆಗದ್ದೂ ಕೊಡಿ. ಮೂರು ದಿನದಲ್ಲಿ ಮಾಡಿಕೊಡುವ ಅಂಗಡಿ ಉಂಟು, ಅಲ್ಲಿ ಮಾಡಿಸುತ್ತೇನೆ."

"ಕೊಡ್ತೀನಿ. ಕೂಡ್ರು."

"ಕೂತು ಕೂತೇ ಐದು ತಿಂಗಳಾಯ್ತು. ನಿಮಗೆ ನನ್ನ ಮರ್ಯಾದೆಯ ಚಿಂತೆ ಉಂಟಾ?"

"ನಿಂದs ಟೇಪು ಹಚ್ಚೀನಿ. ಕೂಡ್ರು ಅಂದೆ."

ಟಿವಿಯಲ್ಲಿ ನನ್ನ ಹೋಟೆಲಿನ ಬಾಗಿಲು, ಮಾವಿನ ತೋರಣ, ಅದೇ ದರಿದ್ರ ಹಾಡು. ಗಂಡ ಕೈಯಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ಕ್ಯಾಮರಾದ ಕಡೆಗೆ ಬರುತ್ತಿದ್ದರು. ನೂರು ಸಲ ನೋಡಿದ್ದೇ. ಕಾಕಾ ಮೆಷೀನಿನ ಮುಂದೆ ಬಗ್ಗಿ ಒಂದು ಗುಂಡಿಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. ಹಾಡು ನಿಂತಿತು. ಪಾತ್ರೆಯ ಸದ್ದು ಕೇಳಿತು, ರಸ್ತೆಯಲ್ಲಿ ಹೋದ ಲಾರಿಯ ಹಾರನ್ನು ಕೇಳಿತು. ಆಮೇಲೆ ಅವರ ದನಿ.

"ಹೆಣೆ, ಆ ಕ್ಯಾಮರಾದವ್ನಿಗ್ ಊಟ ಹಾಕಿದ್ಯಾ? ಬೆಳಗಿಂದ ನಿಂತ್ಕಂಡಿದ್ದ ಪಾಪ. ನಿನ್ನ್ ಚೌಕಾಶಿ ಎಲ್ಲ ನಾಳಿಗ್ ಮಾಡ್, ಮೊದ್ಲ್ ಅವ್ನಿಗ್ ಬಡ್ಸ್."

"ಬಡಿಸಿದ್ದೆ," ಅಂದೆ ನಾನು ಟಿವಿಗೆ. "ನಿಮಗಿಂತ ಮೊದಲೇ ಬಡಿಸಿದ್ದೆ. ನೀವು ನೋಡಲಿಲ್ಲ ಅಷ್ಟೆ."

ಕಾಕು ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಯಾವಾಗ ಕೂತೆನೋ ಗೊತ್ತಿಲ್ಲ, ಚಪ್ಪಲಿ ಮಾತ್ರ ಕಾಲಲ್ಲೇ ಇತ್ತು. ಕಾಕಾ ಟೇಪು ನಿಲ್ಲಿಸಿ ಕೇಳಿದರು.

"ಏನಂದಾ ಅಂವಾ? ಹತ್ತು ಸಲ ಕೇಳೇನಿ, ಒಂದಕ್ಷರ ತಿಳಿದಿಲ್ಲ. ನಿಮ್ಮ ಕುಂದಾಪುರದ ಮಾತು ಮೇಲ್ ಗಾಡಿ ಓಡಿಧಂಗ ಓಡತೈತಿ."

ಹೆಣೆ ಅಂತ ಕರೆದದ್ದು ನನ್ನನ್ನೇ ಅನ್ನುವುದರಿಂದ ಹಿಡಿದು ಎಲ್ಲ ಹೇಳಿದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ವಿವರಿಸಿದರು. ಕೆಲವು ಒಳ್ಳೆಯ ಕ್ಯಾಮರಾಗಳು ದನಿಯನ್ನು ಎರಡು ಕಡೆ ಬರೆದಿಡುತ್ತವಂತೆ. ಒಂದು ಟೇಪಿನ ಅಂಚಿನಲ್ಲಿ, ಇನ್ನೊಂದು ಚಿತ್ರದ ಜೊತೆಗೆ ಒಳಗೆ. ಹಾಡು ಕೂರಿಸುವಾಗ ಅಳಿಯುವುದು ಅಂಚಿನದು ಮಾತ್ರ. ಮನೆಯ ವಿಸಿಆರ್‌ಗಳಿಗೂ ಅಂಗಡಿಯ ವಿಸಿಆರ್‌ಗಳಿಗೂ ಕೇಳುವುದು ಆ ಅಂಚೊಂದೇ. ಒಳಗಿನದು ಇಂಥ ದೊಡ್ಡ ಮೆಷೀನಿಗೆ ಮಾತ್ರ ಕೇಳುತ್ತದೆ.

"ಎಲ್ಲಾ ಟೇಪಿನ್ಯಾಗೂ ಇರಂಗಿಲ್ಲ. ಹತ್ತರಾಗ ಒಂದರಾಗ ಇದ್ರ ಪುಣ್ಯಾ. ಆದ್ರ ಕೇಳದs ಹೆಂಗ ಗೊತ್ತಾಗಬೇಕು? ಮತ್ತ ನೀ ಅವಗ ಪೂರ್ತಿ ರೊಕ್ಕಾ ಕೊಟ್ಟಿದ್ರ, ಅಂವಾ ಬ್ಯಾರೆ ಟೇಪಿಗೆ ಇಳಿಸಿ ಚಂದಗೆ ಮಾಡಿ ಕೊಡ್ತಿದ್ದ. ಆಗ ಇದೂ ಉಳೀತಿದ್ದಿಲ್ಲ."

ನನ್ನ ಚೌಕಾಶಿಯನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಅದೂ ಚೌಕಾಶಿ ಮಾಡದ ಮನುಷ್ಯ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಅವಳು ಕೇಳಿ, ಮುಖ ಸಣ್ಣದು ಮಾಡಿ, "ಇಷ್ಟು ಸಣ್ಣ ದನಿಯಾ?" ಅಂದಳು. ದಪ್ಪ ದನಿ ಇರುತ್ತದೆ ಅಂತ ಅಂದುಕೊಂಡಿದ್ದಳಂತೆ. ಮತ್ತೆ ಹಾಕಿ ಅಂದಳು. ಇನ್ನೊಮ್ಮೆ ಅಂದಳು. ಏನು ಹೇಳುತ್ತಿದ್ದಾರೆ ಅಂತ ಕೇಳಿದಳು, ಗುಜರಾತಿಯಲ್ಲಿ ಹೇಳಿದೆ. "ಅಂದರೆ ಪಪ್ಪನೂ ನಿನಗೆ ಇದಕ್ಕೇ ಬೈಯುತ್ತಿದ್ದರು" ಅಂದವಳ ಸಂತೋಷ ನೋಡಬೇಕಿತ್ತು. ಕಾಕಾ ಆ ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಅವಳಿಗೆ ಬೇಕಾದಷ್ಟು ಸಲ ಹಾಕಿ ಕೇಳಿಸಿದರು.

ಇಷ್ಟಾದ ಮೇಲೆ ನಾನು ತಾಳ್ಮೆ ಕಲಿತೆ ಅಂದುಕೊಳ್ಳಬೇಡಿ. ಚೀಲ ಅಲ್ಲೇ ಬಿಟ್ಟು ಬಂದೆ, ನಿಜ. ಆದರೆ ಪ್ರತಿ ವಾರ ಫೋನು ಮಾಡಿ ಜಗಳವಾಡಿದೆ. ಅವರು ಪ್ರತಿ ವಾರವೂ ಅವಸರ ಮಾಡಲಿಲ್ಲ. ಹೀಗೇ ಇನ್ನೊಂದು ವರ್ಷ ಹೋಯಿತು.

ಆಮೇಲೆ ಅವರಿಗೆ ಕಾಮಾಲೆ ಆಯಿತು. ರೈಲ್ವೆ ಆಸ್ಪತ್ರೆಗೆ ಮೊಸರನ್ನ ತೆಗೆದುಕೊಂಡು ಹೋಗಿದ್ದೆ. ಕಣ್ಣು ಅರಿಶಿನದ ಹಾಗೆ ಆಗಿತ್ತು.

"ಒಂಬತ್ತು ಉಳದಾವು," ಅಂದರು. "ಆ ಮೂರು ದಿನದ ಅಂಗಡಿಯವಗ ಕೊಡಬ್ಯಾಡ."

"ನೀವು ಎದ್ದು ಬನ್ನಿ, ನೀವೇ ಮಾಡುವಿರಂತೆ."

"ಕೊಡಬ್ಯಾಡ."

"ನೋಡುವ" ಅಂದೆ. ಹತ್ತು ದಿನಕ್ಕೆ ಹೋದರು.

ಅವರು ತೀರಿಕೊಂಡು ತಿಂಗಳಾಗುವಷ್ಟರಲ್ಲಿ ಒಂಬತ್ತನ್ನೂ ಆ ಅಂಗಡಿಗೆ ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ಜನ ಫೋನು ಮಾಡಿ ತಲೆ ತಿನ್ನುತ್ತಿದ್ದರು, ನನಗೆ ಹೋಟೆಲಿತ್ತು. ಹೇಳಿದಂತೆ ಮೂರೇ ದಿನದಲ್ಲಿ ಸಿಡಿ ಬಂದವು, ಹಾಡು ಸಮೇತ, ಥಳಥಳ ಡಬ್ಬಿಯಲ್ಲಿ. ಟೇಪುಗಳ ಜೊತೆಗೇ ಎಲ್ಲರಿಗೂ ತಲುಪಿಸಿದೆ. ಒಬ್ಬರೂ ತಕರಾರು ಮಾಡಲಿಲ್ಲ. ಕಾಕಾ ಮೇಲೆ ನನಗೆ ಇವತ್ತಿಗೂ ಸಿಟ್ಟಿರುವುದು ಇದಕ್ಕೇ. ಮೊದಲಾಗಿದ್ದರೆ ನಾನೂ ಕೆಲಸ ಮುಗಿಯಿತು ಅಂತ ಕೈತೊಳೆದುಕೊಳ್ಳುತ್ತಿದ್ದೆ. ಈಗ ಆ ಹಾಡುಗಳ ಕೆಳಗೆ ಯಾರು ಏನು ಹೇಳುತ್ತಿದ್ದಾರೋ ಅಂತ ದೋಸೆ ಹುಯ್ಯುವಾಗಲೂ ತಲೆಯಲ್ಲಿ ಕೊರೆಯತೊಡಗಿತು.

ಕಾಕು ಜಾಗ ಸಾಲದೆಂದು ಆ ದೊಡ್ಡ ಮೆಷೀನನ್ನು ನನಗೇ ಕಳಿಸಿದರು. ಆ ಒಂಬತ್ತು ಟೇಪಿನವರಿಗೂ ಫೋನು ಮಾಡಿ, ನಿಮ್ಮ ಟೇಪು ಇನ್ನೊಮ್ಮೆ ಕೊಡಿ, ಸುಮ್ಮನೆ ಒಂದು ಸಲ ನೋಡಬೇಕು ಅಂದೆ. ನನಗೇನೋ ಆಗಿದೆ ಅಂದುಕೊಂಡೇ ಕೊಟ್ಟರು. ಹೋಟೆಲಿನ ಅಟ್ಟದಲ್ಲಿ ಕೂತು ಕೇಳಿದೆ, ಒಂದೊಂದೂ ಮೂರು ಗಂಟೆ. ಏಳು ಟೇಪುಗಳಲ್ಲಿ ಹಾಡು ಬಿಟ್ಟರೆ ಏನೂ ಇರಲಿಲ್ಲ. ಎಂಟನೆಯದರಲ್ಲಿ ಒಬ್ಬಳು ಮದುಮಗಳು, ತಾಳಿ ಕಟ್ಟಿದ ಮರುಕ್ಷಣ, ಅಮ್ಮನ ಕಿವಿಯಲ್ಲಿ ಹಸಿವಾಗುತ್ತಿದೆ ಅಂದದ್ದು ಸಿಕ್ಕಿತು. ಅದನ್ನು ಸಿಡಿ ಮಾಡಿಸಿ ಕೊಟ್ಟೆ. ಆ ಅಮ್ಮ ಈಗಿಲ್ಲವಂತೆ.

ಒಂಬತ್ತನೆಯದು ಸೂರತ್ತಿನ ಒಂದು ಮನೆಯದು. ಸಿಡಿ ಬಂದ ವಾರವೇ ಅವರು ಟೇಪನ್ನು ಗುಜರಿಗೆ ಹಾಕಿದ್ದರು. ಅವರು ಎಲ್ಲೇ ಸಿಕ್ಕಲಿ, ನಾಲ್ಕು ಜನರ ಎದುರು ನನ್ನನ್ನು ಹೊಗಳುತ್ತಾರೆ, ಕಾಕಾ ಒಂದೂವರೆ ವರ್ಷ ಇಟ್ಟುಕೊಂಡಿದ್ದನ್ನು ಮೂರೇ ದಿನದಲ್ಲಿ ಮಾಡಿಸಿಕೊಟ್ಟರು ಅಂತ.