ಲೂರ್ದಮ್ಮ ನುಂಗಿಕೊಂಡ ಮಾತು

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಹನೂರಿನಾಚೆ ಬೆಟ್ಟದ ಬುಡದಲ್ಲಿದ್ದ ಕ್ರೈಸ್ತರ ಕೇರಿಯಲ್ಲಿ ಲೂರ್ದಮ್ಮ ಎಂಬ ಹೆಂಗಸಿದ್ದಳು. ಗಂಡ ಸವರಿಯಪ್ಪ ಗಾಡಿ ಹೊಡೆಯುವವನು. ಹುಣಸೆಹಣ್ಣು, ಸೀಗೆಕಾಯಿ ಹೇರಿಕೊಂಡು ಕೊಳ್ಳೇಗಾಲದ ಸಂತೆಗೆ ಹೋಗಿಬರುತ್ತಿದ್ದ. ಬಲು ಮಾತುಗಾರ. ಅವನು ನಕ್ಕರೆ ಕೇರಿಯ ಆ ತುದಿಗೆ ಕೇಳಿಸುತ್ತಿತ್ತು.

ಅಂಥವನು ಒಂದು ವರ್ಷ, ಕ್ರೈಸ್ತರು ನಲವತ್ತು ದಿನ ಉಪವಾಸವಿರುವ ತಪಸ್ಸುಕಾಲದಲ್ಲಿ, ಬಾಯಿ ಮುಚ್ಚಿಕೊಂಡ. ಏನೋ ವ್ರತವಿರಬೇಕು ಎಂದುಕೊಂಡಳು ಲೂರ್ದಮ್ಮ. ಅದರ ಕೊನೆಗೆ ಬರುವ ಪಾಸ್ಕ ಹಬ್ಬ ಕಳೆದರೂ ಮಾತು ಮರಳಲಿಲ್ಲ. ಚಾಪೆ ಜಗುಲಿಗೆ ಹೋಯಿತು. ತನ್ನ ತಟ್ಟೆಯನ್ನು ತಾನೇ ತೊಳೆದು ಬೇರೆ ಇಟ್ಟುಕೊಂಡ. ಕಾಲಿಗೆ ತೊಡರಿಕೊಂಡ ಮಗಳನ್ನು ಎತ್ತಿಕೊಳ್ಳದೆ ಪಕ್ಕಕ್ಕೆ ಸರಿಯುತ್ತಿದ್ದ.

"ಏನಾಗದೆ ನಿಂಗೆ?" ಎಂದರೆ, "ಏನಿಲ್ಲ ಬುಡು."

ಕೇರಿಯ ಯೇಸುವಿನ ಗುಡಿಯಲ್ಲಿ ಮಾತ್ರ ಅವನ ತುಟಿ ಅಲ್ಲಾಡುತ್ತಿತ್ತು. ಒಂದು ಭಾನುವಾರ ಅವಳು ಹತ್ತಿರ ಸರಿದು ಕಿವಿಗೊಟ್ಟಳು. "ನಿಮ್ಮ ಚಿತ್ತದಂತೆಯೇ ಆಗಲಿ, ಸ್ವಾಮಿ." ಅದೊಂದೇ ಮಾತು, ಮತ್ತೆ ಮತ್ತೆ. ತಪ್ಪು ಮಾಡಿದವನಲ್ಲದೆ ಮತ್ಯಾರು ಹೀಗೆ ಗೋಗರೆಯುತ್ತಾರೆ ಎಂದುಕೊಂಡಳು. ಅಂದಿನಿಂದ ಅವನ ಅಂಗಿ ಮೂಸತೊಡಗಿದಳು. ಗೊತ್ತಿಲ್ಲದ ಎಂಥದೋ ಎಣ್ಣೆಯ ವಾಸನೆ.

ನೆರೆಮನೆಯ ಮುತ್ತಯ್ಯನೂ ಗಾಡಿಯವನೇ. ಅವನೊಮ್ಮೆ ದನಿ ತಗ್ಗಿಸಿ ಹೇಳಿದ: "ನಾ ಯೋಳ್ದೆ ಅನ್ಬ್ಯಾಡ ಕಣವ್ವ. ಸಂತೆ ಮುಗುದ್ಮ್ಯಾಲೆ ನಿನ್ ಗಂಡ ಚಿಕ್ಕನಿಂಗಮ್ಮನ ಮನೆ ಇಂದ್ಕೆ ಓಯ್ತಾನೆ. ಒಂಟಿ ಎಂಗ್ಸು ಅವ್ಳು."

ಮುಂದಿನ ಸಂತೆಯ ದಿನ ಗಂಡನ ಗಾಡಿ ಹೊರಟ ಮೇಲೆ ಲೂರ್ದಮ್ಮ ಮಗಳನ್ನು ಅತ್ತೆಯ ಬಳಿ ಬಿಟ್ಟು ಮುತ್ತಯ್ಯನ ಗಾಡಿ ಹತ್ತಿದಳು. ಪಟ್ಟಣದ ಅಂಚಿನಲ್ಲಿ ಅವನು ತೋರಿಸಿದ ಗುಡಿಸಲ ಪಕ್ಕದಲ್ಲಿ ತಮ್ಮದೇ ಎತ್ತುಗಳು ಮೆಲುಕು ಹಾಕುತ್ತಿದ್ದವು. ಬಾಗಿಲು ದೂಡಿ ಒಳನುಗ್ಗಿದಳು.

"ಎಲ್ಲವ್ನೆ ನನ್ ಗಂಡ?"

ಮೂಲೆಯಲ್ಲಿ ಕುಳಿತಿದ್ದ ಚಿಕ್ಕನಿಂಗಮ್ಮ ಬೆಚ್ಚಲಿಲ್ಲ. ಸೆರಗಿನೊಳಗಿಂದ ಕೈ ತೆಗೆದು ಮುಂದೆ ಹಿಡಿದಳು. ಬೆರಳುಗಳು ಒಳಕ್ಕೆ ಮಡಚಿಕೊಂಡು ಅರ್ಧ ಸವೆದಿದ್ದವು.

"ಇದ ನೋಡಾಕೆ ಬತ್ತಾನೆ ಅಂದ್ಕಂಡ್ಯಾ ತಾಯಿ? ಇಂದ್ಗಡೆ ಸಿಸ್ಟರಮ್ಮಾರು ಔಸ್ತಿ ಕೊಡ್ತಾರೆ. ಓಗು, ಅಲ್ಲವ್ನೆ."

ಹಿತ್ತಲಾಚೆಯ ಹಂಚಿನ ಕೊಟ್ಟಿಗೆಯಲ್ಲಿ ಸವರಿಯಪ್ಪ ಅಂಗಿ ಕಳಚಿ ಕುಳಿತಿದ್ದ. ಬೆನ್ನಿನ ಮೇಲೆ ಬಿಳಿಚಿದ ಮಚ್ಚೆಗಳು. ಕನ್ಯಾಸ್ತ್ರೀಯೊಬ್ಬರು ಅವಕ್ಕೆ ಎಣ್ಣೆ ಸವರುತ್ತಿದ್ದರು. ಕುಷ್ಠ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೆಂಡತಿಯನ್ನು ಕಂಡು ಅವನು ತಲೆ ತಗ್ಗಿಸಿದ.

"ದೇವ್ರಿಗ್ ಯೋಳ್ದೆ. ನಂಗ್ಯಾಕ್ ಯೋಳ್ನಿಲ್ಲ?"

"ಎಲ್ಲಾ ಅವ್ರ ಚಿತ್ತ ಅಂತ ಒಪ್ಪಿಸ್ಬುಟ್ಟೆ ಲೂರ್ದು. ಯೋಳುದ್ರೆ ನೀ ಮಗೀನ ಎತ್ಕಂಡು ತವ್ರಿಗೆ ಓಯ್ತಿಯೇನೋ ಅಂತ..."

"ಅದು ಒಪ್ಪಿಸ್ದಂಗಲ್ಲ, ಎದರ್ಕಂಡಂಗೆ," ಎಂದು ಅವಳು ಅಳುತ್ತಲೇ ಅವನ ಪಕ್ಕದಲ್ಲಿ ಕುಳಿತಳು.

ಹೊಸದಾಗಿ ಬಂದಿರುವ ಮಾತ್ರೆಯನ್ನು ಬಿಡದೆ ನುಂಗಿದರೆ ವಾಸಿಯಾಗುತ್ತದೆ, ಆದರೆ ವರ್ಷಗಟ್ಟಲೆ ಬೇಕು ಎಂದರು ಸಿಸ್ಟರ್. ಹೊರಗೆ ಮುತ್ತಯ್ಯ ಕಾಯುತ್ತಿದ್ದ. "ಇದ್ನಾ?" ಎಂದು ಕಣ್ಣರಳಿಸಿ ಕೇಳಿದ. ನಿಜ ಹೇಳಿದರೆ ಬಾವಿಯ ಹಗ್ಗ ಮುಟ್ಟಗೊಡುವುದಿಲ್ಲ, ಕೇರಿಯಿಂದಲೇ ಅಟ್ಟುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ಇದ್ದ," ಎಂದಳು.

ಆ ಒಂದು ಮಾತು ಊರೆಲ್ಲ ಸುತ್ತಿತು. ಗಂಡನನ್ನು ಅಂಕೆಯಲ್ಲಿಟ್ಟುಕೊಳ್ಳಲಾರದವಳು ಎಂದು ಹೆಂಗಸರು ಅವಳನ್ನು ಆಡಿಕೊಂಡರು. ಸವರಿಯಪ್ಪ ಸಂಕಟ ತಾಳಲಾರದೆ, "ನಾನೇ ಯೋಳ್ಬುಡ್ತೀನಿ," ಎಂದು ಹೊರಟಾಗ ಅವಳೇ ತಡೆದಳು. ಗುಡಿಯಲ್ಲಿ ಅವನ ಪಕ್ಕಕ್ಕೇ ಮೊಣಕಾಲೂರುತ್ತಿದ್ದಳು. ದೇವರಲ್ಲಿ ಏನನ್ನೂ ಬೇಡುತ್ತಿರಲಿಲ್ಲ, ತನ್ನ ಮಾನವನ್ನೂ ಕೂಡ. ಅದನ್ನು ಆ ದೇವರ ಪಾದದ ಬಳಿ ಇಟ್ಟು ಬಂದಿದ್ದಳು. ಹಾಗೆ ಇಟ್ಟ ಮೇಲೂ ಬಾವಿಕಟ್ಟೆಯ ನಗು ಕೇಳಿದಾಗ ಎದೆ ಉರಿಯುತ್ತಿತ್ತು.

ವರ್ಷಗಳ ಮೇಲೆ ಸಿಸ್ಟರ್ ಮಾತ್ರೆ ನಿಲ್ಲಿಸಿದರು. ರೋಗ ಹೋಗಿತ್ತು, ಅಪವಾದ ಉಳಿದಿತ್ತು. ಮುತ್ತಯ್ಯನ ಹೆಂಡತಿ ಒಂದು ಸಂಜೆ ಕೊಡ ಇಳಿಸುತ್ತಾ ಚುಚ್ಚಿದಳು: "ನಿನ್ ಗಂಡ ಇನ್ನೂ ಓಯ್ತಾನಾ, ಅವ್ಳ ತಾವ್ಕೆ?"

ಬೆರಳು ಸವೆದ ಚಿಕ್ಕನಿಂಗಮ್ಮನಿಗೆ ಬೇಯಿಸಿ ಹಾಕುವವರು ಯಾರೂ ಇರಲಿಲ್ಲ.

"ಊ ಕಣಕ್ಕ," ಎಂದಳು ಲೂರ್ದಮ್ಮ. "ನಾನೇ ಬುತ್ತಿ ಕಟ್ಟಿ ಕಳುಸ್ತೀನಿ."